ಹುಳುವಿನ ತಟ್ಟೆಯಲ್ಲಿ ಓದಿದ ಕಡಲು

ಚಿಕ್ಕಂದಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಪುಸ್ತಕದ ಕೊನೆಯ ಹಾಳೆಗಳನ್ನು ನಾನು ಓದಿದ್ದು ರೇಷ್ಮೆಹುಳುವಿನ ತಟ್ಟೆಯಲ್ಲಿ. ಸರಿಯಾಗಿಯೇ ಓದಿದ್ದೆ ಎಂದು ಇಷ್ಟು ವರ್ಷ ನಂಬಿದ್ದೆ. ಕಳೆದ ಶನಿವಾರ ಅಣ್ಣನ ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಜಗಲಿಯ ಮೇಲೆ ಎಸೆದಳು.

"ಇನ್ಮೇಲೆ ನೀ ಏಳೋ ಯಾವ್ ಪುಸ್ತಕಾನೂ ನಾ ಓದಕಿಲ್ಲ ಕಣತ್ತೆ."

ಅವರ ಶಾಲೆಯಲ್ಲಿ ಶನಿವಾರ ಒಬ್ಬೊಬ್ಬರು ಒಂದೊಂದು ಪುಸ್ತಕದ ಬಗ್ಗೆ ಹೇಳಬೇಕು. ಇವಳು ನನ್ನಿಂದ ಕೇಳಿದ್ದ ಕಥೆಯನ್ನು ಹೇಳಿದ್ದಾಳೆ. ಅದೇ ಪುಸ್ತಕ ಶಾಲೆಯ ಬೀರುವಿನಲ್ಲಿತ್ತಂತೆ. ಟೀಚರು ಸಂತೋಷದಿಂದ ತೆಗೆದುಕೊಟ್ಟು, ಕೊನೆಯ ಪುಟ ನೀನೇ ಓದಮ್ಮ ಅಂದಿದ್ದಾರೆ.

"ಕಡಲು ಮಳೆ ಸುರ್ದಂಗೆ ಸದ್ದು ಮಾಡ್ತಿತ್ತು ಅಂದ್ಯಲ್ಲ, ಎಲ್ಲದೆ ತೋರ್ಸು? ಎಲ್ಲಾರೂ ನಕ್ಬುಟ್ರು."

ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. ಅಷ್ಟು ತೆಳ್ಳಗಿತ್ತೆ ಅದು? ನನ್ನ ನೆನಪಿನಲ್ಲಿ ಅದು ದಪ್ಪ ಪುಸ್ತಕ.

ಕುರಿ ಮೇಯಿಸುವ ಹುಡುಗಿಯೊಬ್ಬಳು ಹೊಳೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಕುರಿಗಳ ಸಮೇತ ದಂಡೆ ಹಿಡಿದು ಹೊರಡುವ ಕಥೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾಳೆ. ಬಟ್ಟೆ ಒಗೆಯುವವನು ಆ ಬಂಡೆಯವರೆಗೆ ಅನ್ನುತ್ತಾನೆ, ಭತ್ತದ ಗದ್ದೆಯವನು ನನ್ನ ಬದುವಿನವರೆಗೆ ಅನ್ನುತ್ತಾನೆ. ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬನಿಗೂ ನೀರು ಅವನಿಗೆ ಗೊತ್ತಿರುವಲ್ಲಿಗೆ ಮುಗಿಯುತ್ತದೆ. ಇದನ್ನು ಓದಿದ ದಿನ ನನಗೆ ಮೈ ಜುಮ್ಮೆಂದಿತ್ತು. ನಮ್ಮ ಬಿಂಡಿಗನವಿಲೆಯ ಬಸ್ಸು ನಿಲ್ಲುವ ನಾಗಮಂಗಲಕ್ಕೇ ರಸ್ತೆ ಮುಗಿಯುತ್ತದೆ ಎಂದುಕೊಂಡಿದ್ದವಳು ನಾನು, ಅದರಾಚೆಗೂ ರಸ್ತೆ ಇದೆ ಎಂದು ಆವತ್ತೇ ಹೊಳೆದದ್ದು. ಹೇಮಗಿರಿಯಲ್ಲಿ ಒಮ್ಮೆ ಹೊಳೆ ನೋಡಿದ್ದೆ. ಹುಡುಗಿ ನಡೆದದ್ದೆಲ್ಲ ನನಗೆ ಆ ದಂಡೆಯ ಮೇಲೆಯೇ. ಈಗಲೂ ಮಕ್ಕಳಿಗೆ ಆ ಪುಸ್ತಕ ಓದಿ ಎನ್ನುವುದು ಇದೊಂದಕ್ಕೇ.

ಕೊನೆಯ ಪುಟ ತೆರೆದೆ. ಹುಡುಗಿ ಕಡಲು ಮುಟ್ಟುತ್ತಾಳೆ. ಕುರಿಗಳು ನೀರಿಗೆ ಮೂತಿಯಿಟ್ಟು ತಲೆ ಕೊಡವುತ್ತವೆ. ಅವಳು ನಗುತ್ತಾಳೆ. ಅಷ್ಟೆ. ಮಳೆಯೂ ಇಲ್ಲ, ಸದ್ದೂ ಇಲ್ಲ. ಎರಡೆರಡು ಸಲ ಹುಡುಕಿದೆ. ಕಾಲೇಜಿನಲ್ಲಿ ಓದುವಾಗ ಮೊದಲ ಸಲ ಮಂಗಳೂರಿಗೆ ಹೋಗಿ ಕಡಲ ಮುಂದೆ ನಿಂತಾಗ, ಥೇಟ್ ಪುಸ್ತಕದಲ್ಲಿ ಇದ್ದಂತೆಯೇ ಇದೆ ಸದ್ದು ಎಂದು ಗೆಳತಿಗೆ ಹೇಳಿದ್ದೆ. ಯಾವ ಪುಸ್ತಕದಲ್ಲಿ? ನನ್ನ ನೆನಪು ಸುಳ್ಳಾದರೆ ನನಗೆ ನಾಚಿಕೆ, ಹೋಗಲಿ. ಆದರೆ ಅದರಿಂದ ಹತ್ತು ವರ್ಷದ ಹುಡುಗಿ ಪುಸ್ತಕಗಳನ್ನೇ ಬಿಟ್ಟರೆ?

ಬಾಗಿಲ ಬಳಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ ಅವ್ವ ಅಲ್ಲಿಂದಲೇ ಮೊಮ್ಮಗಳಿಗೆ ಅಂದಳು:

"ಅವಳ್ನ ಯಾಕ್ ಬಯ್ತೀಯೇ. ಪುಸ್ತಕ ಕಿತ್ತು ತಟ್ಟೆಗಾಸಿದ್ದು ನಾನು. ಆಸಕ್ಕೆ ಪೇಪರ್ ಮುಗ್ದೋಗಿತ್ತು. ಪುಸ್ತಕ ಬೋರಲು ಬಿದ್ದಿತ್ತು, ಓದಿ ಮುಗ್ಸವ್ಳೆ ಅಂದ್ಕಂಡೆ."

"ಅಜ್ಜೀ, ಯಾರಾದ್ರೂ ಪುಸ್ತಕ ಉಳಕ್ಕೆ ಆಕ್ತಾರಾ?"

"ನಿಮ್ಮತ್ತೆ ಸೊಪ್ಪಾಕದು ಬುಟ್ಟು ಬಗ್ಗಿ ಓದ್ತಾ ನಿಂತ್ಕಳೋಳು. ಉಳಾನೂ ಮೇಯೋವು, ಇವಳೂ ಮೇಯೋಳು."

ಅಣ್ಣನ ಮಗಳು ಕಿಸಕ್ಕೆಂದು ನಕ್ಕು, ಕೋಪ ನೆನಪಾಗಿ ಬಾಯಿ ಮುಚ್ಚಿದಳು.

ನಿಂತದ್ದು ನಿಜ. ಸೊಪ್ಪು ತಿಂದು ತೀರುತ್ತ ಬಂದಂತೆ ಒಂದೊಂದೇ ಸಾಲು ಬಯಲಾಗುತ್ತಿತ್ತು. ಅಷ್ಟರಲ್ಲಿ ಒಂದು ಹುಳು ಬಂದು ಅಕ್ಷರಗಳ ಮೇಲೆ ಮಲಗುತ್ತಿತ್ತು. ಅದು ಸರಿಯುವವರೆಗೆ ಕಾಯಬೇಕು. ಕಡಲು ನನಗೆ ಹಾಗೆ ಬಿಡಿಬಿಡಿಯಾಗಿ ಸಿಕ್ಕಿತು. ಮಾರನೆಯ ದಿನ ಅವ್ವ ತಟ್ಟೆ ಚೊಕ್ಕಟ ಮಾಡಿ ಹಾಳೆಗಳನ್ನು ತಿಪ್ಪೆಗೆ ಹಾಕಿದಳು.

"ಬಾ ಇಲ್ಲಿ," ಎಂದು ಹುಡುಗಿಯ ಕೈ ಹಿಡಿದು ಹುಳುವಿನ ಮನೆಯೊಳಕ್ಕೆ ಕರೆದುಕೊಂಡು ಹೋದೆ. ನನಗೂ ಖಾತ್ರಿಯಿರಲಿಲ್ಲ. ನಾಲ್ಕನೇ ಸಲ ಪೊರೆ ಬಿಟ್ಟೆದ್ದ ಹುಳುಗಳಿಗೆ ಆಗಷ್ಟೇ ಸೊಪ್ಪು ಬಿದ್ದಿತ್ತು. ಇಬ್ಬರೂ ತಟ್ಟೆಯ ಮೇಲೆ ಬಗ್ಗಿದೆವು.

ಸಾವಿರಾರು ಬಾಯಿಗಳು ಒಟ್ಟಿಗೆ ಮೇಯುವ ಸದ್ದು. ದೂರದಲ್ಲಿ ಎಡೆಬಿಡದೆ ಮಳೆ ಸುರಿದಂತೆ.

ದಿನಾ ಕೇಳುತ್ತಿದ್ದ ಸದ್ದನ್ನು ಅವಳು ಹೊಸದಾಗಿ ಕೇಳುತ್ತಿದ್ದಳು. ನಾನೂ ಅಷ್ಟೆ. ಪುಸ್ತಕ ಹೇಳದೆ ಬಿಟ್ಟಿದ್ದನ್ನು ಈ ಹುಳುಗಳು ತುಂಬಿಸಿದ್ದವು. ಅದೂ ನನ್ನ ಊಹೆಯೇ ಇರಬಹುದು. ಆದರೂ ನನ್ನ ಕಣ್ಣು ತುಂಬಿತು.

"ಅತ್ತೆ, ಕಡಲು ಇಂಗೇ ಇರ್ತದಾ?"

"ನಾ ಕೇಳಿದ್ದು ಇಂಗೇ ಇತ್ತು."

ಅವಳು ಓಡಿಹೋಗಿ ಪುಸ್ತಕ ತಂದಳು. ತಟ್ಟೆಗಳ ಸಾಲಿನ ಪಕ್ಕ ನಿಂತು ಕೊನೆಯ ಪುಟವನ್ನು ಮೊದಲಿಂದ, ಗಟ್ಟಿಯಾಗಿ, ನಿಧಾನವಾಗಿ ಓದತೊಡಗಿದಳು. ಹುಡುಗಿ ಕಡಲು ಮುಟ್ಟುವ ಸಾಲು ಬಂದಾಗ ಓದು ನಿಲ್ಲಿಸಿ, ಕಿವಿಗೊಟ್ಟು, ಮತ್ತೆ ಮುಂದುವರಿಸಿದಳು.

"ಬಾಗ್ಲಾಕ್ಕಳ್ರೇ," ಹೊರಗಿನಿಂದ ಅವ್ವ ಕೂಗಿದಳು, "ಊಜಿ ನೊಣ ನುಗ್ಗಿ ಉಳಾನ ಕೊಂದಾಕ್ತವೆ."