ನಾನು ಬರೆದ ಡ್ಯೂಟಿ ಚಾರ್ಟು

ಚಾಮರಾಜನಗರದ ನಮ್ಮ ಟೆಲಿಫೋನ್ ಕಚೇರಿಯ ಗೋಡೆಗೆ ಆ ಚಾರ್ಟನ್ನು ಅಂಟಿಸಿದಾಗ ನಾನು ಇಂಜಿನಿಯರಿಂಗ್ ಕಾಲೇಜು ಮುಗಿಸಿ ಎರಡು ವರ್ಷವೂ ಆಗಿರಲಿಲ್ಲ. ತೊಂಬತ್ತರ ದಶಕ. ಹಳ್ಳಿಹಳ್ಳಿಗೆ ಫೋನು ಹೋಗುತ್ತಿದ್ದ ಕಾಲ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಕಡೆಯ ತಂತಿ ಕೆಲಸ ನಾನು ನೋಡಿಕೊಳ್ಳಬೇಕಿತ್ತು. ಲೈನ್‌ಮನ್‌ಗಳು ಮೊದಲಿನಿಂದಲೂ ಇಬ್ಬಿಬ್ಬರಾಗಿ ಹೋಗುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಕೆಲಸ ಮುಗಿದಾಗ ಮನೆ. ಒಬ್ಬ ಕಂಬದ ಮೇಲೆ ದುಡಿಯುವಾಗ ಇನ್ನೊಬ್ಬ ಕೆಳಗೆ ತಲೆಯೆತ್ತಿ ನಿಂತಿರುವುದು ನನ್ನ ಕಣ್ಣಿಗೆ ಸೋಮಾರಿತನವಾಗಿ ಕಂಡಿತು. ಜೋಡಿಗಳನ್ನು ಒಡೆದು, ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಒಬ್ಬೊಬ್ಬರನ್ನೇ ಹಂಚಿದೆ.

ಚಾರ್ಟಿನ ಕೊನೆಯ ಕಾಲಮ್ಮು ಕರೆಂಟಿನದು. ಆಗ ಪಂಪ್‌ಸೆಟ್ಟುಗಳಿಗೆ ಒಂದು ವಾರ ರಾತ್ರಿ, ಮುಂದಿನ ವಾರ ಮಧ್ಯಾಹ್ನ ಕರೆಂಟು ಕೊಡುತ್ತಿದ್ದರು. ಕರೆಂಟಿನ ತಂತಿಯ ಕೆಳಗೆ ನಮ್ಮ ತಂತಿ ಹಾಯುವ ಜಾಗದಲ್ಲಿ ಕೆಲಸವಿದ್ದರೆ ಸಬ್‌ಸ್ಟೇಷನ್ನಿಗೆ ಹೋಗಿ ಲೈನು ಆಫ್ ಮಾಡಿಸಿ, ಚೀಟಿ ಬರೆಸಿಕೊಂಡು ಬರಬೇಕು. ಅದಕ್ಕೇ ಅರ್ಧ ದಿನ ಬೇಕು. ಕರೆಂಟು ಇಲ್ಲದ ಹೊತ್ತು ನೋಡಿ ಪಾಳಿ ಹಾಕಿದರೆ ಚೀಟಿಯ ಗೋಜೇ ಇಲ್ಲ ಎಂದು ನಾನು ಲೆಕ್ಕ ಹಾಕಿದೆ. ಗುಂಡ್ಲುಪೇಟೆಯಲ್ಲಿ ಕೇಳಿ ಬರೆದುಕೊಂಡಿದ್ದ ವೇಳೆಯನ್ನೇ ಚಾಮರಾಜನಗರಕ್ಕೂ ಇಳಿಸಿದೆ. ಅಲ್ಲಿ ಶನಿವಾರ ಬದಲಾಗುವ ಕರೆಂಟಿನ ಪಾಳಿ ಇಲ್ಲಿ ಗುರುವಾರವೇ ಬದಲಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಲೂ ಇಲ್ಲ.

ಆ ಗುರುವಾರ ಉಡಿಗಾಲದಾಚೆಯ ಒಂದು ಹಳ್ಳಿಯ ಹಾಲಿನ ಡೇರಿಗೆ ಫೋನು ಕೊಡಬೇಕಿತ್ತು. ಚಾರ್ಟಿನ ಪ್ರಕಾರ ಹೋಗಬೇಕಾದವರು ಐವತ್ತು ದಾಟಿದ ನಮ್ಮ ಹಿರಿಯ ಲೈನ್‌ಮನ್. ಅವರು ಚಾರ್ಟಿನ ಮುಂದೆ ನಿಂತು ನಿಧಾನವಾಗಿ ಓದಿದರು.

"ಕರೆಂಟ್ನೂ ಗ್ವಾಡೆಗೆ ಅಂಟಿಸ್ಬುಟ್ಟಿದ್ದೀರಿ ಸಾರ್. ನಾನು ಒಬ್ನೇ ಓಗಲ್ಲ. ಯಾರೂ ಇಲ್ದಿದ್ರೆ ನೀವೇ ಬನ್ನಿ."

ಚಾರ್ಟು ಸರಿಯೆಂದು ತೋರಿಸುವ ಹಟಕ್ಕೆ ನಾನೇ ಹೊರಟೆ.

ಬೆಳಿಗ್ಗೆಯೇ ಡೇರಿಯ ಕಡೆಯ ತುದಿಯನ್ನು ಜೋಡಿಸಿ ಫೋನಿಟ್ಟೆವು. ಮಧ್ಯಾಹ್ನ ಎರಡೂವರೆಯಿಂದ ರಿಸೀವರ್ ಕಿವಿಗಿಟ್ಟುಕೊಂಡು ಕಾಯುತ್ತಿರಿ, ಲೈನು ಬಂದ ಕೂಡಲೇ ಶಬ್ದ ಕೇಳುತ್ತದೆ ಎಂದು ಡೇರಿಯ ಸೆಕ್ರೆಟರಿಗೆ ನಾನೇ ಹೇಳಿದೆ. ಆತ ತಲೆಯಾಡಿಸಿ ಆಗಲೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಅಲ್ಲಿಂದ ತಂತಿ ಒಂದು ಹಳ್ಳಕ್ಕೆ ಇಳಿದು, ಮತ್ತೆ ದಿಬ್ಬ ಏರಿ ರಸ್ತೆಗೆ ಬರಬೇಕು. ರಸ್ತೆಯ ಕಡೆಯ ತುದಿಯನ್ನು ಬಿಗಿಯಾಗಿ ಎಳೆದು, ಸದ್ಯಕ್ಕೆ ಬೇಲಿಯ ಕಲ್ಲುಕಂಬಕ್ಕೆ ನಾಲ್ಕು ಸುತ್ತು ಹಾಕಿ ಕೈಯಲ್ಲೇ ತಿರುಚಿ ಕಟ್ಟಿದೆ. ಹೀಗೆ ಎಳೆದಾಗ ಹಳ್ಳದ ನಡುವೆ ತಂತಿ ಮೇಲಕ್ಕೆ ಜಿಗಿಯುತ್ತದೆ. ಅಲ್ಲಿನ ತಗ್ಗು ಕಂಬವನ್ನು ಹತ್ತಿ, ತಂತಿಯನ್ನು ಕೈಯಲ್ಲಿ ಕೆಳಕ್ಕೆ ಜಗ್ಗಿ ಹಿಡಿದು ಕಂಬದ ತುದಿಯ ಪಿಂಗಾಣಿ ಬಟ್ಟಲಿಗೆ ಕಟ್ಟಬೇಕು. ಅದರ ಮೇಲೆ ಎರಡು ಮೊಳದ ಅಂತರದಲ್ಲಿ ಪಂಪ್‌ಸೆಟ್ಟಿನ ಕರೆಂಟು ತಂತಿ ಹಾದುಹೋಗಿತ್ತು.

ಹಳ್ಳದ ದಂಡೆಯಲ್ಲಿ ಅರಿಸಿನದ ಹೊಲ. ಮೋಟಾರು ಮನೆಯ ನೆರಳಿನಲ್ಲಿ ಆ ಹೊಲದ ಹೆಂಗಸು ಕೂತಿದ್ದರು. ಲೈನ್‌ಮನ್ ಕಂಬ ಹತ್ತುವ ಮೊದಲು ಅವರ ಹತ್ತಿರ ಹೋದರು.

"ಸ್ಟಾರ್ಟ್ರು ಆನ್‌ಲ್ಲೇ ಇರ್ಲಿ ಕಣಮ್ಮಿ. ಕರೆಂಟ್ ಬಂದ್ರೆ ನಿನ್ ಮೋಟ್ರು ಕೂಗ್ಬೇಕು. ನಾನು ಅದನ್ನ ಕೇಳ್ಕೊಂಡೇ ತಂತಿ ಮುಟ್ಟೋದು."

"ಕೂತಿರ್ತೀನಿ ಬುಡಣ್ಣ. ನಿನ್ ಫೋನ್ ಬಂದ್ರೆ ನಮ್ ಹಸ ಏನ್ ಒಸಿ ಹಾಲು ಜಾಸ್ತಿ ಕೊಡ್ತದಾ?"

ಲೈನ್‌ಮನ್ ನಗುತ್ತಾ ಹಳ್ಳಕ್ಕಿಳಿದು ಕಂಬ ಹತ್ತಿದರು. ನಾನು ದಂಡೆಯ ಮೇಲೇ ಉಳಿದೆ. ಸ್ವಲ್ಪ ಹೊತ್ತಿಗೆ ಹೆಂಗಸು ಬಿಸಿಲು ನೋಡಿ, ಮನೆಯಲ್ಲಿ ಕರು ಕಟ್ಟಿದಲ್ಲೇ ಇದೆ, ನೀರು ಕುಡಿಸಿಲ್ಲ ಎಂದರು. ನನಗೆ ಉದಾರತನ ಬಂತು.

"ನೀವು ಹೋಗಿ. ಇವತ್ತು ಹಗಲು ಕರೆಂಟ್ ಬರೋದಿಲ್ಲ."

"ಇವತ್ತು ಪಾಳಿ ಬದ್ಲಾಯ್ತದೆ ಅಂತಿದ್ರಲ್ಲಪ್ಪ?"

"ಶನಿವಾರ ಬದಲಾಗೋದು. ನನ್ನ ಹತ್ರ ಬರೆದಿದೆ."

"ಓದ್ದೋರು ನೀವು," ಎಂದು ಅವರು ಎದ್ದರು. ಯಾರೂ ಇಲ್ಲದಾಗ ನೀರು ಬಿದ್ದರೆ ಬದು ಒಡೆಯುತ್ತದೆಂದು ಸ್ಟಾರ್ಟರನ್ನು ಆಫ್ ಮಾಡಿ ಹೊರಟುಹೋದರು. ಕಂಬದ ಮೇಲಿದ್ದವರಿಗೆ ಇದು ಕಾಣಿಸಲಿಲ್ಲ. ನಾನೂ ಕೂಗಿ ಹೇಳಲಿಲ್ಲ.

ನಾನು ಹಳ್ಳಕ್ಕಿಳಿದು ಕಂಬದ ಬುಡಕ್ಕೆ ಬಂದೆ. ಅವರು ಬೆಲ್ಟಿಗೆ ಮೈ ಒರಗಿಸಿ, ಬಲಗೈಯಲ್ಲಿ ತಂತಿಯನ್ನು ಕೆಳಕ್ಕೆ ಜಗ್ಗಿ ಹಿಡಿದಿದ್ದರು. ಆಗ ದೂರದಲ್ಲಿ ಎಲ್ಲೋ ಗುಂಯ್ ಎಂದಿತು. ಟ್ರ್ಯಾಕ್ಟರ್ ಇರಬೇಕು ಎಂದುಕೊಂಡೆ. ಅದರ ಪಕ್ಕದಲ್ಲಿ ಇನ್ನೊಂದು. ಮತ್ತೊಂದು, ಇನ್ನೂ ಹತ್ತಿರ. ಹೊಲದಿಂದ ಹೊಲಕ್ಕೆ ಆ ಸದ್ದು ನಮ್ಮ ಕಡೆಗೆ ನಡೆದುಬರುತ್ತಿತ್ತು. ನಮ್ಮ ಪಕ್ಕದ ಮೋಟಾರು ಮನೆ ಮಾತ್ರ ಸುಮ್ಮನಿತ್ತು.

"ಸಾರ್," ಎಂದರು ಅವರು, ದನಿ ಏರಿಸದೆ. "ಕರೆಂಟ್ ಬಂತು."

"ತಂತಿ ಬಿಟ್ಟು ಇಳೀರಿ."

"ಎಲ್ ಬುಡ್ಲಿ? ಕಟ್ಟಕ್ಕೋದ್ರೆ ಕೈ ಜಾರ್ತದೆ, ಬುಟ್ರೆ ಮ್ಯಾಲಿನ್ ತಂತಿಗೆ ಒಡೀತದೆ. ಆ ಸೆಕ್ರೆಟ್ರಿ ಕಿವಿಗಿಟ್ಕೊಂಡ್ ಕುಂತವ್ನೆ."

ಡೇರಿ ಒಂದು ಮೈಲಿ. ಓಡಿಹೋಗಿ ಹೇಳುವಷ್ಟು ಹೊತ್ತು ಆ ಕೈ ತಡೆಯುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ: ದಿಬ್ಬದ ಮೇಲೆ ನಾನು ಕಟ್ಟಿದ ತುದಿಯನ್ನು ಬಿಚ್ಚುವುದು. ಬಿಗಿ ಹೋದರೆ ತಂತಿ ನೆಲಕ್ಕೆ ಬೀಳುತ್ತದೆ. ಆದರೆ ಬಿಚ್ಚುವಾಗ ಅದು ನನ್ನ ಕೈಯಲ್ಲಿರುತ್ತದೆ. ಅಷ್ಟರೊಳಗೆ ಅವರ ಹಿಡಿತ ಜಾರಿದರೆ ಅವರ ಕೈಯಿಂದ ತಂತಿ ದೂರವಾಗಿರುತ್ತದೆ, ಸಾಯುವವನು ನಾನು. ಇದು ಅವರಿಗೂ ಗೊತ್ತಿತ್ತು.

"ಓಗಿ ಬಿಚ್ಚಿ ಸಾರ್. ನಾನು ಬುಡಲ್ಲ."

ದಿಬ್ಬ ಹತ್ತಿ ಕಲ್ಲುಕಂಬದ ಮುಂದೆ ಕೂತೆ. ಕಟಿಂಗ್ ಪ್ಲೇಯರು ಅವರ ಸೊಂಟದಲ್ಲಿತ್ತು; ಕೇಳಿ ಇಸಿದುಕೊಳ್ಳಲು ಆ ಗಾಬರಿಯಲ್ಲಿ ಹೊಳೆದಿರಲಿಲ್ಲ. ತಂತಿಯನ್ನು ಮುಟ್ಟುವ ಮೊದಲು ನನ್ನ ಕೈ ಎರಡು ಸಲ ಹಿಂದಕ್ಕೆ ಬಂತು. ಮುಟ್ಟಿದೆ. ನಾನೇ ತಿರುಚಿದ ಸುತ್ತುಗಳು ಒಂದರ ಮೇಲೊಂದು ಕೂತು ಕಲ್ಲಿಗೆ ಕಚ್ಚಿಕೊಂಡಿದ್ದವು. ಮೊದಲನೆಯದು ಬಿಚ್ಚುವಾಗ ಉಗುರು ಎದ್ದಿತು. ಎರಡನೆಯದು ಬಿಡಲಿಲ್ಲ; ಕಲ್ಲಿನಿಂದ ಜಜ್ಜಿ ಸಡಿಲಿಸಿದೆ. ಜಜ್ಜಿದಾಗಲೆಲ್ಲ ತಂತಿ ಹಳ್ಳದವರೆಗೂ ನಡುಗುತ್ತಿತ್ತು, ಅವರ ಕೈಯಲ್ಲೂ ನಡುಗಿರಬೇಕು. ತಿರುಗಿ ನೋಡುವ ಧೈರ್ಯವಿರಲಿಲ್ಲ. ಸುತ್ತಲೂ ಮೋಟಾರುಗಳು ಒಂದೇ ಸಮ ಕೂಗುತ್ತಿದ್ದವು. ಕೊನೆಯ ಸುತ್ತು ತಾನಾಗಿಯೇ ಕಿತ್ತುಕೊಂಡು, ನನ್ನ ಅಂಗೈಯನ್ನು ಸೀಳಿ, ಹಾವಿನಂತೆ ಹುಲ್ಲಿನಲ್ಲಿ ಹರಿದು ಹಳ್ಳಕ್ಕೆ ಇಳಿಯಿತು.

ನಾನು ಕೆಳಗೆ ಹೋಗುವಷ್ಟರಲ್ಲಿ ಅವರು ಇಳಿದು ಕಂಬದ ಬುಡದಲ್ಲಿ ಕೂತಿದ್ದರು. ಬಲಗೈಯ ಬೆರಳುಗಳು ಮಡಚಿದಂತೆಯೇ ಇದ್ದವು. ಎಡಗೈಯಿಂದ ಒಂದೊಂದನ್ನೇ ಬಿಡಿಸಿಕೊಳ್ಳುತ್ತಿದ್ದರು.

"ಆಯಮ್ಮನ ಮೋಟ್ರು ಯಾಕ್ ಕೂಗ್ಲಿಲ್ಲ ಸಾರ್?"

ನಾನು ಹೇಳಿದೆ. ಒಂದು ಮಾತನ್ನೂ ಬಿಡದೆ ಹೇಳಿದೆ. ಅವರು ಕೇಳಿಸಿಕೊಂಡರು. ಬೀಡಿ ಹಚ್ಚಲು ಹೋಗಿ, ಕಡ್ಡಿ ಹಿಡಿಯಲಾಗದೆ ಜೇಬಿಗಿಟ್ಟುಕೊಂಡರು.

ಚಾರ್ಟನ್ನು ಅಂದೇ ಸಂಜೆ ಕಿತ್ತೆ. ಮುಂದಿನ ವಾರ ಅದೇ ಕೆಲಸಕ್ಕೆ ಸಬ್‌ಸ್ಟೇಷನ್ನಿನ ಚೀಟಿ ತಂದೆ, ಅವರ ಹಳೆಯ ಜೊತೆಗಾರನನ್ನೂ ಕರೆದುಕೊಂಡು ಹೋದೆ. ಅವರು ಚೀಟಿಯನ್ನು ಓದಿ ಮಡಚಿ ವಾಪಸು ಕೊಟ್ಟರು. ಆಮೇಲೆ ಅರಿಸಿನದ ಹೊಲದ ಕಡೆ ಕೈ ತೋರಿಸಿದರು.

"ಚೀಟಿ ಇರ್ಲಿ. ನೀವು ಆ ಮೋಟ್ರು ಮನೆ ಹತ್ರ ಕುಂತ್ಕಳಿ ಸಾರ್. ಸ್ಟಾರ್ಟ್ರು ಆನ್‌ಲ್ಲಿರ್ಬೇಕು. ನಾನು ಇಳಿಯೋಗಂಟ ಏಳ್ಬ್ಯಾಡಿ."

ಕೂತೆ. ಆ ಹೆಂಗಸು ಬಂದು ಮಜ್ಜಿಗೆ ಕೊಟ್ಟರು, ಮಾತಾಡಿಸಿದರು. ಏನು ಉತ್ತರಿಸಿದೆನೋ ನೆನಪಿಲ್ಲ. ಲೈನ್‌ಮನ್ ಕಂಬದಿಂದ ಇಳಿದು ನನ್ನ ಹೆಸರು ಹಿಡಿದು ಕೂಗುವವರೆಗೂ ಸ್ಟಾರ್ಟರಿನ ಹಸಿರು ಗುಂಡಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.