ಹೆಸರುಕಾಳಿನ ಚೀಲ

ಮೊಳಕೆ ಬಂದ ಹೆಸರುಕಾಳಿಗೆ ಒಂದು ವಾಸನೆ ಇದೆ, ಗಮನಿಸಿದ್ದೀರಾ? ಹಸಿ ಹಸಿ, ಸ್ವಲ್ಪ ಹುಳಿ. ಇವತ್ತು ಬೆಳಿಗ್ಗೆ ತೆಂಗಿನಕಾಯಿ ತುರಿದು ಅರೆದು ಮಾಡುವ ಗಸಿಗೆಂದು ಕಟ್ಟಿಟ್ಟ ಬಟ್ಟೆ ಬಿಚ್ಚಿದ್ದೇ ತಡ, ನನ್ನ ಬಲಗೈ ತನ್ನಷ್ಟಕ್ಕೆ ಎಡಗಡೆ ಎದೆಗೆ ಹೋಯಿತು. ಅಲ್ಲಿ ಈಗ ಏನೂ ಇಲ್ಲ. ಕ್ಯಾನ್ಸರೆಂದು ಡಾಕ್ಟರು ತೆಗೆದುಬಿಟ್ಟಿದ್ದಾರೆ.

ಚಿಕಿತ್ಸೆಯೆಲ್ಲ ಮುಗಿದ ಮೇಲೆ "ಇನ್ನು ಮಾಮೂಲಿಯಾಗಿರಿ" ಎಂದು ಮನೆಗೆ ಕಳಿಸಿದ್ದರು. ಮಾಮೂಲಿಯಾಗಿರುವುದು ಹೇಗೆಂದು ಯಾರಾದರೂ ಹೇಳಿಕೊಡಬೇಕಲ್ಲ! ರವಿಕೆ ಒಂದು ಬದಿ ಜೋತುಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಸಿಲಿಕೋನಿನ ಕೃತಕ ಎದೆ ನಮ್ಮ ಮರವಂತೆಯ ಸೆಕೆಗೆ ಮೈಗಂಟಿ ಉರಿಯುತ್ತಿತ್ತು. ಅರಳೆ ತುಂಬಿದರೆ ಭಾರವೇ ಇಲ್ಲ. ನಾನು ನಾಲ್ಕು ಮಾತಾಡುವಷ್ಟರಲ್ಲಿ ಅದು ಹೆಗಲ ಹತ್ತಿರ ಬಂದು ಕೂರುತ್ತಿತ್ತು. ನೋಡಿ ನೋಡಿ ಸಾಕಾದ ನನ್ನ ಅತ್ತೆ "ನಾನ್ ಹೊಲ್ದ್ ಕೊಡ್ತೆ, ಸುಮ್ನೆ ಕೂಕೊ" ಎಂದು ಹಳೆಯ ಪಂಚೆ ಹರಿದು ಉರುಟು ಚೀಲ ಹೊಲಿದರು. ತೂಕಕ್ಕೆಂದು ಒಳಗೆ ಹೆಸರುಕಾಳು ತುಂಬಿದರು. ನಗಬೇಡಿ, ಅದು ಒಳ್ಳೆ ಹದವಾಗಿ ಕೂತಿತು.

ಅತ್ತೆಗೆ ತೊಳೆಯುವ ಹುಚ್ಚು. ಉಪ್ಪು, ಬೆಲ್ಲ ಎರಡು ಬಿಟ್ಟು ಮನೆಯಲ್ಲಿ ಅವರು ತೊಳೆಯದ ವಸ್ತುವಿಲ್ಲ. ಶಿರೂರಿನಲ್ಲಿ ನಾದಿನಿಯ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಇತ್ತು. ಚಿಕಿತ್ಸೆಯ ನಂತರ ನಾನು ನಾಲ್ಕು ಜನರ ಮುಂದೆ ಹೋಗುವುದು ಅದೇ ಮೊದಲು. ಹಿಂದಿನ ದಿನ ಅತ್ತೆ ಚೀಲವನ್ನು ಬಕೆಟಿನಲ್ಲಿ ನೆನೆಹಾಕಿ ತೊಳೆದರು. ಮಳೆಗಾಲ ಬೇರೆ. ಹೊರಗೆ ಹಾಕಿದರೆ ಆಚೆಮನೆಯವರು ನೋಡುತ್ತಾರೆಂದು ಒಳಗಿನ ಹಗ್ಗದಲ್ಲಿ, ನನ್ನ ಸೀರೆಯ ಅಡಿಗೆ ಅಡಗಿಸಿ ಒಣಹಾಕಿದರು.

ಮರುದಿನ ಬೆಳಿಗ್ಗೆ ಬಾಗಿಲಾಚೆಯಿಂದಲೇ ಅತ್ತೆಯ ಅವಸರ. "ಒಣ್ಗಿತ್ ಹೆಣೆ, ಹಾಯ್ಕೊ. ಬಸ್ ಬಪ್ಪ ಹೊತ್ತಾಯ್ತ್!"

ಚೀಲ ತಣ್ಣಗಿತ್ತು, ಆದರೆ ಮಳೆಗಾಲದಲ್ಲಿ ಯಾವ ಬಟ್ಟೆ ತಣ್ಣಗಿರುವುದಿಲ್ಲ ಹೇಳಿ? ಅದೂ ಅಲ್ಲದೆ ನಾನು ಬಟ್ಟೆ ತೊಡುತ್ತಿದ್ದುದೇ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು. ಆಪರೇಷನ್ ಆದಾಗಿನಿಂದ ಆ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ಸ್ನಾನ ಮಾಡುವಾಗಲೂ ಲೈಟು ಹಾಕುತ್ತಿರಲಿಲ್ಲ. ಹೆದರಿಕೆ, ಮತ್ತೇನಿಲ್ಲ.

ಒಕ್ಕಲಿನ ಮನೆಯಲ್ಲಿ ಕಂಡವರೆಲ್ಲ "ಕೂದ್ಲ್ ಬಂತಲೆ! ಎಲ್ಲ ಸಮ ಆಯ್ತಲ್ದಾ?" ಎಂದು ಕೇಳುವವರೇ. ಹೌದು ಹೌದು ಎಂದು ತಲೆಯಾಡಿಸಿ ಊಟಕ್ಕೆ ಕೂತೆ. ಪಾಯಸ ಬರುವಷ್ಟರಲ್ಲಿ ಎಡಗಡೆ ಬಿಗಿದಂತಾಯಿತು. ಸೆರಗಿನೊಳಗೆ ಕೈಯಿಟ್ಟು ಮುಟ್ಟಿದೆ. ಉಬ್ಬಿದೆ. ಗಟ್ಟಿಯಾಗಿದೆ, ಬೆಚ್ಚಗೆ ಒದ್ದೆಯಾಗಿದೆ, ಏನೋ ಚುಚ್ಚುತ್ತಲೂ ಇದೆ. ಮೊದಲ ಗಂಟೂ ಹೀಗೇ ಏನೋ ಕೆಲಸದ ನಡುವೆ ಕೈಗೆ ಸಿಕ್ಕಿದ್ದು. ಎಲೆಯ ಮುಂದಿನಿಂದ ಎದ್ದು ಓಡಿದೆ.

ಹೊಸ ಬಾತ್‌ರೂಮು. ಬೆಳ್ಳಗೆ ಉರಿಯುವ ಲೈಟು, ಎದುರಿಗೆ ದೊಡ್ಡ ಕನ್ನಡಿ. ಹಿಂದೆಯೇ ಬಂದ ಅತ್ತೆ ಬಾಗಿಲು ತಟ್ಟಿದರು. "ಎಂತ ಆಯ್ತ್ ಹೆಣೆ? ಬಾಗ್ಲ್ ತೆಗಿ!"

"ಮತ್ತೆ ಬಂತ್ ಅತ್ತೆ" ಎಂದೆ.

ರವಿಕೆ ಬಿಚ್ಚಿದೆ, ಚೀಲ ತೆಗೆದು ಬೇಸಿನ್ ಮೇಲೆ ಹಾಕಿದೆ. ನೋಡದೆ ಬೇರೆ ದಾರಿ ಇರಲಿಲ್ಲ, ನೋಡಿದೆ. ಕಂಕುಳಿಂದ ನಡು ಎದೆಯವರೆಗೆ ಒಂದು ಗೆರೆ. ಸಪಾಟು. ಉಬ್ಬಿಲ್ಲ, ಗಂಟಿಲ್ಲ. ಹಾಗಾದರೆ ಕೈಗೆ ಸಿಕ್ಕಿದ್ದೇನು? ಬೇಸಿನ್ ಕಡೆ ತಿರುಗಿದರೆ ಚೀಲದ ಮೈತುಂಬ ಬಿಳೀ ಮೊಳಕೆಗಳು ಬಟ್ಟೆ ತೂರಿ ಇಣುಕುತ್ತಿದ್ದವು!

ಬಾಗಿಲು ತೆಗೆದೆ. ಅತ್ತೆ ನೆಲದಲ್ಲಿ ಕುಸಿದು ಕೂತಿದ್ದರು, ಬಾಯಿಗೆ ಸೆರಗು ತುರುಕಿಕೊಂಡು. ಚೀಲ ಹಿಡಿದು ತೋರಿಸಿದೆ. ಒಂದು ಗಳಿಗೆ ನೋಡಿದವರೇ ಹಣೆ ಚಚ್ಚಿಕೊಂಡರು.

"ಅಯ್ಯೋ ಮರಾಯ್ತಿ, ಕಾಳ್ ಹುರ್ದ್ ಹಾಕ್ಕಿತ್ತ್!"

ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ನನ್ನನ್ನು ಒಳಗೆ ತಳ್ಳಿ ಚಿಲಕ ಹಾಕಿದರು. ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ಆ ಗೆರೆಯುದ್ದಕ್ಕೂ ಬೆರಳಾಡಿಸಿದರು. "ಎಂತದೂ ಇಲ್ಲ. ಎಂತದೂ ಇಲ್ಲ" ಎನ್ನುತ್ತಲೇ ಇದ್ದರು. ಗೆರೆಯ ತುದಿ ಮುಟ್ಟಿದರೂ ನಿಲ್ಲಿಸದೆ ಮತ್ತೆ ಮೊದಲಿನಿಂದ ಹುಡುಕಿದರು. ಇಷ್ಟು ದಿನ ಹೆದರಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆನಲ್ಲ!

ಈಗ ಚೀಲದಲ್ಲಿರುವುದು ಹುರಿದ ಹೆಸರುಕಾಳು. ನಾಳೆ ಮಣಿಪಾಲದ ಆಸ್ಪತ್ರೆಯಲ್ಲಿ ತಪಾಸಣೆ. ಬೆಳಿಗ್ಗೆ ಆ ವಾಸನೆಗೆ ಕೈ ಎದೆಗೆ ಹೋಯಿತೆಂದೆನಲ್ಲ, ಅಲ್ಲೇ ನಿಲ್ಲಲಿಲ್ಲ. ಬಚ್ಚಲಿಗೆ ಹೋಗಿ ಲೈಟು ಹಾಕಿದೆ, ಕನ್ನಡಿಯ ಮುಂದೆ ಕಣ್ಣು ಬಿಟ್ಟು ನಿಂತೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಎಂತಾರೂ ಇತ್ತಾ ಹೆಣೆ?"

"ಇಲ್ಲ ಅತ್ತೆ."

ಪಾತ್ರೆಯ ಸದ್ದು ಮತ್ತೆ ಶುರುವಾಯಿತು. "ಹಂಗಾರೆ ಬಾ, ಗಸಿಗೆ ಕಾಯ್ ಹೆರಿ."