ಬಾಯ್ಲರ್‌ವರೆಗಿನ ಗಾಳಿ

ಆ ಶನಿವಾರದ್ದು ನನ್ನ ಹನ್ನೆರಡನೆಯ ಡೈವ್. ಮುಳುಗಿದ ಹಡಗಿಗೆ ಇಳಿದದ್ದು ಅದೇ ಮೊದಲು. ನೀರು ಹದಿನಾಲ್ಕು ಡಿಗ್ರಿ. ಗಾಳಿ ಜೋರೆಂದು ಹಿಂದೆ ಎರಡು ಸಲ ದೋಣಿ ಹೊರಟಿರಲಿಲ್ಲ. ಈ ಸಲವಾದರೂ ಹಳೆಯ ಉಗಿಹಡಗಿನ ಬಾಯ್ಲರ್ ನೋಡಲೇಬೇಕು ಎಂದುಕೊಂಡಿದ್ದೆ. ಅದನ್ನು ಮೊದಲೇ ನೋಡಿ ಬಂದಿದ್ದ ಮಾಮಾ ನೀರಿನೊಳಗೆ ನನಗೆ ಜೋಡಿ. ಹುಬ್ಬಳ್ಳಿಯವರು; ಇಲ್ಲಿ ನ್ಯೂಜಿಲೆಂಡಿನ ತಕಾನಿನಿಯಲ್ಲಿ ಅವರ ಮನೆಯಲ್ಲೇ ನಾನಿರುವುದು.

ಬೆಳಗ್ಗೆ ಹೊರಡುವಾಗ ಅತ್ತೆ, ಸಮುದ್ರದ ಗಾಳಿಗೆ ಮುಖ ಒಡೆಯುತ್ತದೆಂದು ನನ್ನ ಹಣೆ, ಕೆನ್ನೆಗಳಿಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿದರು. ಚಳಿಗೆ ಗಟ್ಟಿಯಾಗಿದ್ದ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಕರಗಿಸಿದ್ದರು. ಹಿತವಾಗಿತ್ತು, ಬೇಡವೆನ್ನಲಿಲ್ಲ.

ನಮ್ಮಿಬ್ಬರ ಸಿಲಿಂಡರ್‌ನಲ್ಲೂ ಇನ್ನೂರು ಬಾರ್ ಒತ್ತಡದ ಗಾಳಿ. ಯಾರ ಗೇಜು ಮೊದಲು ನೂರಕ್ಕಿಳಿಯುತ್ತದೋ ಅವರು ಸನ್ನೆ ಮಾಡಬೇಕು, ಇಬ್ಬರೂ ಹಿಂತಿರುಗಬೇಕು. ಇದು ನಿಯಮ.

ಇಳಿಯುತ್ತಿದ್ದಂತೆಯೇ ಮಾಸ್ಕ್ ಹಣೆಯ ಮೇಲೆ ಜಾರತೊಡಗಿತು. ಒಳಗೆ ನೀರು. ಮೂಗಿನಿಂದ ಊದಿ ಹೊರಹಾಕಿದರೆ ಮತ್ತೆ ತುಂಬುತ್ತಿತ್ತು. ಊದಿದಷ್ಟೂ ಗಾಳಿ ಖರ್ಚು. ತುಕ್ಕುಹಿಡಿದ ತಗಡುಗಳು, ಅವುಗಳ ನಡುವೆ ತೂಗುವ ಪಾಚಿ, ಎಲ್ಲ ಅರ್ಧಂಬರ್ಧ ಕಂಡವು. ಮುಂದೆ ಮಾಮಾ ಕೈ ತೋರಿಸಿದ ಕಡೆ ದೊಡ್ಡದೊಂದು ದುಂಡನೆಯ ನೆರಳು. ಗೇಜು ನೋಡಿದೆ: ನೂರು. ಹೆಬ್ಬೆರಳಿನಿಂದ ಹಿಂದಕ್ಕೆ ಸನ್ನೆ ಮಾಡಿದೆ. ಮಾಮಾ ತಕ್ಷಣ ತಿರುಗಿದರು.

ದೋಣಿ ಹತ್ತಿದ ಮೇಲೆ ಕೇಳಿದರು, "ಏನಾತವಾ? ಅಷ್ಟು ಲಗೂನ ಗಾಳಿ ಮುಗೀತು?"

"ಮಾಸ್ಕಿನ್ಯಾಗ ಒಂದೇ ಸಮ ನೀರು ಬರ್ಲಿಕತ್ತಿತ್ತು, ಮಾಮಾ."

ಮಾಸ್ಕ್ ಮೂಸಿದರು. "ನಿಮ್ಮ ಅತ್ತಿ ನಿನ್ನ ಡೈವಿಂಗಿಗೆ ಕಳಿಸ್ಯಾಳೋ, ಒಗ್ಗರಣಿಗೆ ಹಾಕ್ಯಾಳೋ?"

ದೋಣಿ ನಡೆಸುವ ನ್ಯೂಜಿಲೆಂಡಿನ ಹೆಂಗಸು ನಗುತ್ತಾ ಪಾತ್ರೆ ತೊಳೆಯುವ ಸೋಪು ಕೊಟ್ಟರು. ಮುಖಕ್ಕೂ ಮಾಸ್ಕಿಗೂ ಎರಡೆರಡು ಸಲ ಹಚ್ಚಿ ತೊಳೆದೆ. ಚಹಾ, ಶೇಂಗಾ ಚಟ್ನಿ ಸವರಿದ ಚಪಾತಿ. ಅಷ್ಟರಲ್ಲಿ ಗಾಳಿ ಏರಿ ಅಲೆಗಳ ನೆತ್ತಿ ಬೆಳ್ಳಗಾಗತೊಡಗಿತ್ತು. ಆಕೆ ಪಶ್ಚಿಮದ ಕಡೆ ನೋಡುತ್ತಲೇ ಇದ್ದರು. ಮೂರನೆಯ ಸಲವೂ ಹೋಯಿತು ಎಂದುಕೊಂಡೆ.

"ಅರ್ಧ ಗಂಟೆ ಕೊಡ್ತಾಳಂತ," ಎಂದರು ಮಾಮಾ, ಹೊಸ ಸಿಲಿಂಡರ್ ಕಟ್ಟುತ್ತಾ. "ಸೀದಾ ಬಾಯ್ಲರಿಗೆ. ಮೀನಾ ಗೀನಾ ನೋಡ್ಕೋತ ನಿಂದ್ರಬ್ಯಾಡ."

ಈ ಸಲ ಮಾಸ್ಕ್ ಕದಲಲಿಲ್ಲ. ಬಾಯ್ಲರ್ ಮುಟ್ಟಿದಾಗ ಗೇಜಿನಲ್ಲಿ ನೂರ ನಲವತ್ತು. ನಮ್ಮ ವ್ಯಾನಿಗಿಂತ ಎತ್ತರ. ಕಲ್ಲಿದ್ದಲು ಎಸೆಯುತ್ತಿದ್ದ ಮೂರು ಬಾಯಿಗಳು. ನಡುವಿನದರಿಂದ ಸೀಗಡಿಯಂಥ ದೊಡ್ಡ ಕ್ರೇಫಿಶ್‌ನ ಮೀಸೆಗಳು ಹೊರಚಾಚಿದ್ದವು. ಕೈಗವಸಿನ ಬೆರಳಿನಿಂದ ಕಬ್ಬಿಣ ಮುಟ್ಟಿದೆ. ಇಷ್ಟು ತಣ್ಣನೆಯ ಒಲೆಯನ್ನು ನಾನು ಕಂಡಿರಲಿಲ್ಲ. ಮಾಮಾ ಗೇಜು ತೋರಿಸೆಂದರು, ತೋರಿಸಿದೆ. ಗಾಳಿ ಇನ್ನೂ ಇತ್ತು. ಮತ್ತೊಂದು ಸುತ್ತು ಹಾಕಿದೆವು.